ಅಜ್ಜಿಯ ಡಬ್ಬಿಯ ರೂಪಾಯಿಯಲ್ಲಿ ಬೆಳ್ಳಿ ಎಷ್ಟು?

1891ರಲ್ಲಿ ಯಶವಂತಪುರದಲ್ಲಿ ರೈಲು ಹಳಿ ಹಾಕಲು ನೆಲ ಅಗೆಯುತ್ತಿದ್ದಾಗ ಮಣ್ಣಿನೊಳಗಿಂದ ಬೆಳ್ಳಿಯ ನಾಣ್ಯಗಳು ಹೊರಬಂದವು. ಎಣಿಸಿದರೆ 163. ಅವು ನಮ್ಮ ಯಾವ ರಾಜನವೂ ಅಲ್ಲ. ಸಮುದ್ರದಾಚೆಯ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾರೋ ಜೋಪಾನವಾಗಿ ಹೂತಿಟ್ಟು, ವಾಪಸು ಬಂದು ತೆಗೆಯಲಾಗದೆ ಹೋದ ಗಂಟು ಅದು. ಮುಂದೆ ಎಚ್‌ಎಎಲ್ ಕಡೆಯಲ್ಲೂ ಇಂಥವೇ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕವು. ನಾನಿರುವ ಕೋಗಿಲಿನಿಂದ ಯಶವಂತಪುರ ಹದಿನೈದು ಕಿಲೋಮೀಟರ್ ಆಸುಪಾಸು. ಮಾರ್ಕೆಟ್ಟು, ರೈಲ್ವೆ ಸ್ಟೇಷನ್ ಎಂದು ನಾವೆಲ್ಲ ಓಡಾಡುವ ಜಾಗದ ಕೆಳಗೆ ರೋಮಿನ ದುಡ್ಡು ಮಲಗಿತ್ತು ಎಂದರೆ ಮಕ್ಕಳು ನಂಬುವುದೇ ಇಲ್ಲ.

ಈ ನಾಣ್ಯಗಳಲ್ಲಿ ಒಂದು ವಿಶೇಷವಿದೆ. ರೋಮಿನವರು ಇದಕ್ಕೆ ಡಿನೇರಿಯಸ್ ಎನ್ನುತ್ತಿದ್ದರು. ತೂಕ ನಾಲ್ಕು ಗ್ರಾಮಿಗೆ ಸ್ವಲ್ಪ ಕಡಿಮೆ. ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದಲ್ಲಿ ಅದು ಹೆಚ್ಚುಕಮ್ಮಿ ಚೊಕ್ಕ ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ತೂಕವನ್ನೂ ತಗ್ಗಿಸಿದ, ಬೆಳ್ಳಿಯ ಪಾಲನ್ನೂ ತಗ್ಗಿಸಿದ. ಅವನ ಹಿಂದೆ ಬಂದವರು ಇನ್ನಷ್ಟು ತಾಮ್ರ ಬೆರೆಸಿದರು. ಮೂರನೆಯ ಶತಮಾನದ ಮಧ್ಯ ದಾಟುವ ಹೊತ್ತಿಗೆ ರೋಮಿನ ‘ಬೆಳ್ಳಿ’ ನಾಣ್ಯದಲ್ಲಿ ನೂರಕ್ಕೆ ಐದು ಪಾಲೂ ಬೆಳ್ಳಿ ಉಳಿದಿರಲಿಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸ್ ಅವರದೇ. ನೀರೋ ಕಲಬೆರಕೆ ಮಾಡಿದ ಮೇಲಿನವು ಕಡಿಮೆ. ನಮ್ಮ ಕಡೆಯ ವ್ಯಾಪಾರಿಗಳು ಚಕ್ರವರ್ತಿಯ ಮುಖ ನೋಡಿ ಮಾರುಹೋಗಲಿಲ್ಲ, ಬೆಳ್ಳಿ ಎಷ್ಟಿದೆ ಎಂದು ನೋಡಿದರು ಎಂದು ಇತಿಹಾಸಕಾರರು ಇದಕ್ಕೆ ಕಾರಣ ಕೊಡುತ್ತಾರೆ. ಮೆಣಸು ಕೊಟ್ಟು ತಾಮ್ರ ತಗೊಳ್ಳಲು ಅವರೇನು ದಡ್ಡರೆ!

ಅದೇ ಲೆಕ್ಕಾಚಾರ ನಮ್ಮ ಮನೆಗಳಲ್ಲೂ ನಡೆದಿದೆ. ನಮ್ಮ ಕೋಗಿಲು, ಯಲಹಂಕದ ಕಡೆ ಈಗ ಹಳೆಯ ಹೆಂಚಿನ ಮನೆಗಳನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಅಟ್ಟ ಖಾಲಿ ಮಾಡುವಾಗ ಟ್ರಂಕು ಕೆಳಗಿಳಿಯುತ್ತದೆ, ಟ್ರಂಕಿನಿಂದ ತಗಡಿನ ಡಬ್ಬಿ, ಡಬ್ಬಿಯಿಂದ ಬಟ್ಟೆಯ ಗಂಟು. ಅದರಲ್ಲಿ ರಾಣಿ ರೂಪಾಯಿ, ರಾಜನ ತಲೆ ರೂಪಾಯಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶಕ್ಕೆ ಹಾಕುತ್ತಿದ್ದವು ಎಂದು ಮನೆಯವರು ಹೇಳುತ್ತಾರೆ. ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತಿದ್ದವನು ಎಂಬ ಒಂದೇ ಕಾರಣಕ್ಕೆ ಆ ಗಂಟು ನನ್ನ ಮುಂದೆ ಬರುತ್ತದೆ. ಕೇಳುವುದು ಎಲ್ಲರೂ ಒಂದೇ ಪ್ರಶ್ನೆ: “ಇದಕ್ಕೆ ಎಷ್ಟು ಬರುತ್ತೆ ಸಾರ್?”

ಉತ್ತರ ಒಂದಲ್ಲ, ಮೂರು. ನಾಣ್ಯದ ಮೇಲೆ ಅಚ್ಚಾಗಿರುವ ಬೆಲೆ ಒಂದು. ಅದರೊಳಗಿನ ಲೋಹದ ಬೆಲೆ ಇನ್ನೊಂದು. ಸಂಗ್ರಹಕಾರ ಕೊಡುವ ಬೆಲೆ ಮತ್ತೊಂದು. ಹಳೆಯ ರೂಪಾಯಿಗೆ ಮೊದಲನೆಯದು ಎಂದೋ ಸತ್ತುಹೋಗಿದೆ. ಮೂರನೆಯದು ಬೇರೆಯವರ ಬಾಯಲ್ಲಿದೆ. ಎರಡನೆಯದನ್ನು ಮಾತ್ರ ನಾವೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ಐದನೇ ಕ್ಲಾಸಿನ ಗಣಿತ ಸಾಕು.

ಒಂದು ರೂಪಾಯಿ, ಒಂದು ತೊಲ

ರೂಪಾಯಿ ಎಂಬ ಮಾತೇ ಬೆಳ್ಳಿಯಿಂದ ಬಂದದ್ದು. ಸಂಸ್ಕೃತದಲ್ಲಿ ರೂಪ್ಯ ಎಂದರೆ ಬೆಳ್ಳಿ. ಆದರೆ ಕನ್ನಡನಾಡು ಬಹುಕಾಲ ಚಿನ್ನದ ನಾಣ್ಯದ ಸೀಮೆ. ಗದ್ಯಾಣ, ವರಾಹ, ಹಣ ಎಲ್ಲ ಚಿನ್ನದವು. ಬೆಳ್ಳಿ ರೂಪಾಯಿಯನ್ನು ನಮ್ಮಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದವನು ಟಿಪ್ಪು ಸುಲ್ತಾನ. ಅವನ ರೂಪಾಯಿಗೆ ಇಮಾಮಿ ಎಂದು ಹೆಸರು, ಎರಡು ರೂಪಾಯಿಯ ದಪ್ಪ ನಾಣ್ಯಕ್ಕೆ ಹೈದರಿ. ಅರ್ಧಕ್ಕೆ, ಕಾಲಿಗೆ, ಕೊನೆಗೆ ರೂಪಾಯಿಯ ಮೂವತ್ತೆರಡನೆಯ ಒಂದು ಭಾಗಕ್ಕೂ ಒಂದೊಂದು ಹೆಸರಿಟ್ಟಿದ್ದ. ಆನೆಯ ಚಿತ್ರ ಇರುವುದು ಅವನ ತಾಮ್ರದ ಕಾಸಿನ ಮೇಲೆ. ಆನೆ ಕಂಡೊಡನೆ ಬೆಳ್ಳಿ ಎಂದು ಕೊಂಡುಕೊಳ್ಳಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಮೈಸೂರಿನ ಸ್ವಂತ ನಾಣ್ಯಗಳು ಇದ್ದವು. ಕನ್ನಡ ಅಕ್ಷರದ ಮಯಿಲಿ ಕಾಸು ಅವರದೇ, ಅದೂ ತಾಮ್ರ. ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿತು. ಆಮೇಲೆ ಮೈಸೂರು ಸೀಮೆಯಲ್ಲಿ ಓಡಿದ್ದೆಲ್ಲ ಇಂಗ್ಲಿಷರ ರೂಪಾಯಿ. ಮಹಾರಾಜರ ರಾಜ್ಯದಲ್ಲಿದ್ದ ನಮ್ಮ ಅಜ್ಜಿಯರ ಗಂಟಿನಲ್ಲಿ ವಿಕ್ಟೋರಿಯಾ ರಾಣಿ ಕೂತಿರುವುದು ಹೀಗೆ.

ಇಂಗ್ಲಿಷರ ರೂಪಾಯಿಗೆ 1835ರಲ್ಲಿ ಒಂದು ಅಳತೆ ಗೊತ್ತಾಯಿತು. ತೂಕ ಸರಿಯಾಗಿ ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಅಂಗಡಿಯಲ್ಲಿ ತೂಕದ ಕಲ್ಲಿಗೆ ಬದಲು ರೂಪಾಯಿಯನ್ನೇ ತಕ್ಕಡಿಗೆ ಹಾಕುತ್ತಿದ್ದುದು ಇದರಿಂದಲೇ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೇರೆ ಲೋಹ. ಶೇಕಡಾ ಲೆಕ್ಕದಲ್ಲಿ 91.67. ಹೆಂಗಸರಿಗೆ ಇದು ಹೊಸದಲ್ಲ. ನಿಮ್ಮ 22 ಕ್ಯಾರೆಟ್ ಚಿನ್ನದ ಬಳೆಯಲ್ಲೂ 24ಕ್ಕೆ 22 ಪಾಲು ಚಿನ್ನ, ಅಂದರೆ ಅದೇ ಹನ್ನೆರಡಕ್ಕೆ ಹನ್ನೊಂದು. ಹಾಗಾದರೆ ಒಂದು ರೂಪಾಯಿಯಲ್ಲಿ ಚೊಕ್ಕ ಬೆಳ್ಳಿ ಎಷ್ಟು? 11.66 ಗ್ರಾಮನ್ನು 11ರಿಂದ ಗುಣಿಸಿ 12ರಿಂದ ಭಾಗಿಸಿ. 10.69 ಗ್ರಾಂ ಬರುತ್ತದೆ. ಎಂಟಾಣೆಯ ತೂಕ ಇದರ ಅರ್ಧ, 5.83 ಗ್ರಾಂ. ಪಾವಲಿ ಅಂದರೆ ನಾಲ್ಕಾಣೆ 2.92. ಪಾಲು ಎಲ್ಲದರಲ್ಲೂ ಒಂದೇ.

ಈ ಅಳತೆ ನೂರು ವರ್ಷಕ್ಕೂ ಹೆಚ್ಚು ಕಾಲ ಅಲುಗಲಿಲ್ಲ. ವಿಕ್ಟೋರಿಯಾ ಹೋದಳು, ಕಿರೀಟವಿಲ್ಲದ ಬರಿ ತಲೆಯ ಎಡ್ವರ್ಡ್ ಬಂದ, ಕಿರೀಟ ಹೊತ್ತ ಐದನೇ ಜಾರ್ಜ್ ಬಂದ. ರೂಪಾಯಿಯ ಬೆಳ್ಳಿ ಮಾತ್ರ ಅಷ್ಟೇ ಇತ್ತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು, ಅಮೆರಿಕ ತನ್ನ ಖಜಾನೆಯ ಬೆಳ್ಳಿ ಡಾಲರುಗಳನ್ನು ಕರಗಿಸಿ ಭಾರತಕ್ಕಾಗಿ ಮಾರಿತು. ನಮ್ಮ ಮೊದಲ ಒಂದು ರೂಪಾಯಿ ನೋಟು 1917ರ ನವೆಂಬರಿನಲ್ಲಿ ಬಂದದ್ದೂ ಆ ಬರದ ದೆಸೆಯಿಂದ. ಆಗಲೂ ಅವರು ರೂಪಾಯಿಯನ್ನು ಮುಟ್ಟಲಿಲ್ಲ. ಚಿಲ್ಲರೆಯನ್ನು ಮುಟ್ಟಿದರು. 1918ರಿಂದ ಚೌಕದ ಎರಡಾಣೆ, 1919ರಿಂದ ಅಂಚು ಅಲೆಯಲೆಯಾಗಿರುವ ನಾಲ್ಕಾಣೆ ತಾಮ್ರ-ನಿಕ್ಕಲ್ಲಿನಲ್ಲಿ ಬಂದವು. ನೋಡಲು ಬಿಳಿ, ಬೆಳ್ಳಿ ಸೊನ್ನೆ.

ರೂಪಾಯಿಗೆ ಪೆಟ್ಟು ಬಿದ್ದದ್ದು ಎರಡನೆಯ ಮಹಾಯುದ್ಧದಲ್ಲಿ. 1940ರ ಬೇಸಗೆಯಲ್ಲಿ ಫ್ರಾನ್ಸ್ ಸೋತ ಸುದ್ದಿ ಬಂದಾಗ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಪಡೆಯಲು ಮುಗಿಬಿದ್ದರು. ಸರ್ಕಾರ ಆ ಜೂನ್‌ನಲ್ಲೇ ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದು ಅಪರಾಧ ಎಂದು ಆಜ್ಞೆ ಹೊರಡಿಸಿತು, ಒಂದು ರೂಪಾಯಿ ನೋಟನ್ನು ಮತ್ತೆ ತಂದಿತು. ಅದೇ ವರ್ಷ ಹೊಸ ರೂಪಾಯಿಯೂ ಬಂತು. ಅದರಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು 40 ಪಾಲು ತಾಮ್ರ, ಐದೈದು ಪಾಲು ಸತು ಮತ್ತು ನಿಕ್ಕಲ್. ತೂಕ ಅದೇ ಒಂದು ತೊಲ, ರಾಜನೂ ಅದೇ ಆರನೇ ಜಾರ್ಜ್. ಕೈಗೆ ಕೊಟ್ಟರೆ ಗೊತ್ತಾಗದು. ಅಂಚನ್ನು ನೋಡಿದರೆ ಗೊತ್ತಾಗುತ್ತದೆ. ಹಳೆಯದರ ಅಂಚಿನಲ್ಲಿ ಬರೀ ನೆಟ್ಟಗಿನ ಗೀರು, ಹೊಸದರಲ್ಲಿ ನಡುವೆ ಒಂದು ಸಣ್ಣ ಕಾಲುವೆ ಕೊರೆದಂತಿರುತ್ತದೆ. ಕಳ್ಳ ಅಚ್ಚಿನವರು ನಕಲು ಮಾಡದಿರಲಿ ಎಂದು ಮಾಡಿದ್ದು.

ಹೊಸದನ್ನು ಬಿಟ್ಟು ಹಳೆಯದನ್ನು ವಾಪಸು ಕೇಳಿದರು. 1941ರಿಂದ 1943ರ ಒಳಗೆ ಮೊದಲು ವಿಕ್ಟೋರಿಯಾ, ಆಮೇಲೆ ಎಡ್ವರ್ಡ್, ಆಮೇಲೆ ಜಾರ್ಜ್‌ಗಳ ಚೊಕ್ಕ ರೂಪಾಯಿಗಳು ಚಲಾವಣೆಯಿಂದ ಹೋದವು. ಕೊಟ್ಟವರು ಕೊಟ್ಟರು. ಕೊಡದವರು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಗಡಿಗೆಯಲ್ಲಿಟ್ಟರು. ಬಿ.ಕಾಂ. ಪುಸ್ತಕದಲ್ಲಿ ಇದಕ್ಕೆ ಗ್ರೇಷಮ್ ನಿಯಮ ಎಂಬ ದೊಡ್ಡ ಹೆಸರಿತ್ತು: ಕೆಟ್ಟ ಹಣ ಒಳ್ಳೆಯ ಹಣವನ್ನು ಓಡಿಸುತ್ತದೆ. ಗ್ರೇಷಮ್ ಯಾರೆಂದು ತಿಳಿಯದ ಅಜ್ಜಿಯರು ಇದನ್ನು ಮಾಡಿ ತೋರಿಸಿದ್ದರು. ಅರ್ಧ ಬೆಳ್ಳಿಯದನ್ನು ಸಂತೆಗೆ ಕೊಟ್ಟರು, ಪೂರ್ತಿ ಬೆಳ್ಳಿಯದನ್ನು ಡಬ್ಬಿಗೆ ಹಾಕಿದರು.

ಯುದ್ಧ ಮುಗಿದ ಮೇಲೆ ಅಮೆರಿಕದಿಂದ ಸಾಲ ತಂದಿದ್ದ ಬೆಳ್ಳಿಯನ್ನು ತೀರಿಸಬೇಕಾಯಿತು. 1946ರಲ್ಲಿ ಎಂಟಾಣೆ, ನಾಲ್ಕಾಣೆ, 1947ರಲ್ಲಿ ರೂಪಾಯಿ ನಿಕ್ಕಲ್ಲಿನದಾದವು. ಹಿಂಬದಿಯಲ್ಲಿ ಹುಲಿ ನಡೆಯುತ್ತಿರುವ 1947ರ ರೂಪಾಯಿ ಬಲು ಚೆಂದ. ಆದರೆ ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ.

ಹದಿನಾರು ಹದಿನಾರು ಸಮವೇ?

ಇಷ್ಟೆಲ್ಲ ಇಸವಿ ತಿಳಿದು ಏನಾಗಬೇಕು ಎನ್ನುವವರಿಗೆ ನಮ್ಮ ಬೀದಿಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ತಾಯಿ ತೀರಿಕೊಂಡ ಮನೆ. ಅಣ್ಣ, ತಮ್ಮ, ತಂಗಿ ಮೂವರು. ಸೈಟು, ಒಡವೆ ಎಲ್ಲ ಮಾತಾಗಿತ್ತು. ಕೊನೆಗೆ ಉಳಿದದ್ದು ಡಬ್ಬಿಯಲ್ಲಿದ್ದ 48 ರೂಪಾಯಿ ನಾಣ್ಯ.

“ಎಲ್ಲಾ ಬೆಳ್ಳಿ ರೂಪಾಯೀನೇ ಅಲ್ವಾ ಸಾರ್? ಹದಿನಾರು ಹದಿನಾರು ಎಣಿಸಿಬಿಟ್ರೆ ಮುಗೀತು,” ಎಂದರು ಅಣ್ಣ.

ಎಣಿಸಿಯೂ ಆಗಿತ್ತು. ತಾಯಿ ಇಟ್ಟಿದ್ದ ಸಾಲಿನಂತೆಯೇ ಮೇಲಿನ ಹದಿನಾರು ಅಣ್ಣನಿಗೆ, ನಡುವಿನದು ತಮ್ಮನಿಗೆ, ತಳದ್ದು ತಂಗಿಗೆ. ಯಾರ ಮನಸ್ಸಿನಲ್ಲೂ ಮೋಸವಿರಲಿಲ್ಲ. ನಾನು ಇಸವಿ ನೋಡುತ್ತಾ ಹೋದೆ. ಅಣ್ಣನ ಹದಿನಾರೂ ವಿಕ್ಟೋರಿಯಾ ಮತ್ತು ಎಡ್ವರ್ಡ್. ತಮ್ಮನ ಪಾಲಿನಲ್ಲಿ ಹನ್ನೊಂದು ಹಳೆಯವು, ಐದು ಯುದ್ಧಕಾಲದವು. ತಂಗಿಯ ಪಾಲಿನಲ್ಲಿ ಹತ್ತು ಯುದ್ಧಕಾಲದವು, ಉಳಿದ ಆರು 1947ರ ಹುಲಿ.

ಬೆಳ್ಳಿಯ ಬೆಲೆ ದಿನಕ್ಕೊಂದು. ಲೆಕ್ಕ ಸುಲಭವಾಗಲಿ ಎಂದು ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ನೀವು ಓದುವ ದಿನದ ಬೆಲೆಯನ್ನು ಪತ್ರಿಕೆಯಲ್ಲಿ ನೋಡಿ ಆ ಜಾಗದಲ್ಲಿ ಹಾಕಿಕೊಳ್ಳಬಹುದು. ಹಳೆಯ ರೂಪಾಯಿಯೊಂದರಲ್ಲಿ 10.69 ಗ್ರಾಂ, ಯುದ್ಧಕಾಲದ್ದರಲ್ಲಿ 5.83, ನಿಕ್ಕಲ್ಲಿನದರಲ್ಲಿ ಸೊನ್ನೆ. ಅಣ್ಣನಿಗೆ 171.04 ಗ್ರಾಂ, ಅಂದರೆ 17,104 ರೂಪಾಯಿ. ತಮ್ಮನಿಗೆ 146.74 ಗ್ರಾಂ, 14,674 ರೂಪಾಯಿ. ತಂಗಿಗೆ 58.30 ಗ್ರಾಂ, 5,830 ರೂಪಾಯಿ. ಎಣಿಕೆಯಲ್ಲಿ ಮೂವರೂ ಸಮ. ಬೆಳ್ಳಿಯಲ್ಲಿ ಅಣ್ಣನದು ತಂಗಿಯ ಮೂರರಷ್ಟು.

ಕಾಗದದ ಮೇಲೆ ಬರೆದು ತೋರಿಸಿದಾಗ ಅಣ್ಣನೇ ಮೂರೂ ರಾಶಿಯನ್ನು ಮತ್ತೆ ಕೂಡಿಸಿದರು. ಹಳೆಯವು 27, ಯುದ್ಧಕಾಲದವು 15, ನಿಕ್ಕಲ್ 6. ಒಬ್ಬೊಬ್ಬರಿಗೆ ಒಂಬತ್ತು, ಐದು, ಎರಡು. ತಲೆಗೆ 125.36 ಗ್ರಾಂ. ಹಳೆಯವುಗಳಲ್ಲಿ ಒಂದಕ್ಕೆ ಕೊಂಡಿ ಬೆಸೆದಿತ್ತು, ತಾಯಿ ಚಿಕ್ಕವರಿದ್ದಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದುದಂತೆ. ಅದು ತಂಗಿಯ ಒಂಬತ್ತರಲ್ಲಿ ಸೇರಿತು. ಕೇಳುವ ಮೊದಲೇ ತಮ್ಮ ಅದನ್ನು ಅವರ ಕಡೆ ಸರಿಸಿದ್ದರು.

ಬೆಳ್ಳಿ ಅಂಗಡಿಗೆ ಹೋದರೆ ಈ ಲೆಕ್ಕದ ಪೂರ್ತಿ ಹಣ ಸಿಗುವುದಿಲ್ಲ. ಸವೆದು ತೂಕ ಕಡಿಮೆಯಾಗಿರುತ್ತದೆ, ಕರಗಿಸುವ ನಷ್ಟ ಎಂದು ಸ್ವಲ್ಪ ಹಿಡಿಯುತ್ತಾರೆ, ಕೊಳ್ಳುವ ದರ ಮಾರುವ ದರಕ್ಕಿಂತ ಕೆಳಗೇ ಇರುತ್ತದೆ. ಅದು ವ್ಯಾಪಾರ, ತಪ್ಪಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ “ಇದೆಲ್ಲ ಮಿಕ್ಸು, ಅರ್ಧ ಬೆಳ್ಳಿ ರೇಟು” ಎಂದರೆ ಗಂಟು ಕಟ್ಟಿಕೊಂಡು ಎದ್ದು ಬನ್ನಿ. ಇಸವಿಯ ಪ್ರಕಾರ ಮೂರು ರಾಶಿ ಮಾಡಿಕೊಂಡೇ ಅಂಗಡಿ ಮೆಟ್ಟಿಲು ಹತ್ತಬೇಕು.

ಬ್ಯಾಂಕಿನವನಾದ್ದರಿಂದ ಇನ್ನೊಂದು ಲೆಕ್ಕವೂ ತಲೆಗೆ ಬಂತು. ಅಜ್ಜಿ ಆ ಒಂದು ರೂಪಾಯಿಯನ್ನು ಡಬ್ಬಿಗೆ ಹಾಕದೆ ಶೇ. 5ರ ಚಕ್ರಬಡ್ಡಿಗೆ ಇಟ್ಟಿದ್ದರೆ ನೂರು ವರ್ಷಕ್ಕೆ 131 ರೂಪಾಯಿ ಆಗುತ್ತಿತ್ತು. ಶೇ. 7 ಸಿಕ್ಕಿದ್ದರೆ 867. ಡಬ್ಬಿಯಲ್ಲಿದ್ದ ರೂಪಾಯಿಯ ಬೆಳ್ಳಿಗೆ, ನಾವು ಹಿಡಿದ ದರದಲ್ಲೇ, 1,069. ಮೂವತ್ತು ಚಿಲ್ಲರೆ ವರ್ಷ ಠೇವಣಿ ಇಡಿ ಎಂದು ಜನರಿಗೆ ಹೇಳಿದ ನಾನು ಇದನ್ನು ಹೇಳಬಾರದೇನೋ!

ಮಕ್ಕಳಿಗೊಂದು ಪ್ರಯೋಗ

ಮೊದಲು ಅಯಸ್ಕಾಂತ ತನ್ನಿ. ಹಳೆಯ ಸ್ಪೀಕರಿನದಾದರೂ ಸರಿ. ಬೆಳ್ಳಿಯನ್ನು ಅದು ಎಳೆಯುವುದಿಲ್ಲ. ನಿಕ್ಕಲ್ಲನ್ನು ಎಳೆಯುತ್ತದೆ. 1947ರ ಹುಲಿ ರೂಪಾಯಿ ಟಕ್ಕೆಂದು ಅಂಟಿಕೊಳ್ಳುತ್ತದೆ. ನೆಹರೂ ಚಿತ್ರದ 1964ರ ರೂಪಾಯಿ, ಗಾಂಧಿ ಶತಮಾನೋತ್ಸವದ ಒಂದು ರೂಪಾಯಿ ಎರಡೂ ಅಂಟುತ್ತವೆ. ಇವೆರಡನ್ನು ಬೆಳ್ಳಿ ಎಂದು ಎತ್ತಿಟ್ಟವರು ಬಹಳ. ಗಾಂಧಿ ಶತಮಾನೋತ್ಸವಕ್ಕೆ 1969ರಲ್ಲಿ ನಿಜವಾಗಿ ಬೆಳ್ಳಿಯಲ್ಲಿ ಬಂದದ್ದು ಹತ್ತು ರೂಪಾಯಿಯ ದೊಡ್ಡ ನಾಣ್ಯ. ತೂಕ 15 ಗ್ರಾಂ, ನೂರಕ್ಕೆ 80 ಪಾಲು ಬೆಳ್ಳಿ. ಅಂದರೆ 12 ಗ್ರಾಂ ಚೊಕ್ಕ ಬೆಳ್ಳಿ, ವಿಕ್ಟೋರಿಯಾ ರೂಪಾಯಿಗಿಂತ ಹೆಚ್ಚು. ಅದೇ 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಬಂದ ಹತ್ತು ರೂಪಾಯಿ 22.5 ಗ್ರಾಂ ಇದ್ದರೂ ಅರ್ಧ ಬೆಳ್ಳಿ, 11.25 ಗ್ರಾಂ. ದಪ್ಪ ನೋಡಿ ಬೆಲೆ ಕಟ್ಟುವುದು ಇಲ್ಲಿಯೇ ಸೋಲುತ್ತದೆ. ಕಮಲದ ಹೂವಿನ ಹಳದಿ 20 ಪೈಸೆ ನೆನಪಿದೆಯಲ್ಲ? ಅದರಲ್ಲಿ ಚಿನ್ನವಿದೆ ಎಂದು ಸರ ಪೋಣಿಸಿ ಲಕ್ಷ್ಮಿಗೆ ಹಾಕಿದ್ದೂ ಹಾಕಿದ್ದೇ. ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ.

ಅಯಸ್ಕಾಂತಕ್ಕೆ ಅಂಟದ್ದೆಲ್ಲ ಬೆಳ್ಳಿಯೂ ಅಲ್ಲ. ತಾಮ್ರ-ನಿಕ್ಕಲ್ ಬೆರಕೆ ಅಂಟುವುದಿಲ್ಲ, ನಕಲಿ ರೂಪಾಯಿ ಮಾಡುವವರಿಗೆ ಅದೇ ಅನುಕೂಲ. ಇದಕ್ಕೆ ಆರ್ಕಿಮಿಡಿಸನ ಉಪಾಯ ಬೇಕು. ಗ್ರಾಮಿನ ನೂರರಲ್ಲೊಂದು ಭಾಗ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಮೊದಲು ನಾಣ್ಯವನ್ನು ಹಾಗೇ ತೂಗಿ ಬರೆದುಕೊಳ್ಳಿ. ಆಮೇಲೆ ಚಿಕ್ಕ ಲೋಟದಲ್ಲಿ ನೀರಿಟ್ಟು ಲೋಟವನ್ನು ತಕ್ಕಡಿಯ ಮೇಲಿಡಿ, ಗುಂಡಿ ಒತ್ತಿ ಸೊನ್ನೆ ಮಾಡಿ. ನಾಣ್ಯಕ್ಕೆ ಸಣ್ಣ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳ, ಪಕ್ಕ ಎಲ್ಲೂ ತಾಗಬಾರದು. ಈಗ ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ನಾಣ್ಯ ಸರಿಸಿದ ನೀರಿನ ತೂಕ ಅದು. ಮೊದಲ ತೂಕವನ್ನು ಇದರಿಂದ ಭಾಗಿಸಿ.

ಹಳೆಯ ಒಳ್ಳೆಯ ರೂಪಾಯಿಗೆ 1.13ರ ಹತ್ತಿರ ಅಂಕಿ ಬರಬೇಕು. ಭಾಗಿಸಿದರೆ 10.3. ಯುದ್ಧಕಾಲದ ಅರ್ಧ ಬೆಳ್ಳಿಗೆ 1.22ರ ಸುಮಾರು, ಭಾಗಿಸಿದರೆ 9.5. ತಾಮ್ರ-ನಿಕ್ಕಲ್ಲಿನ ನಕಲಿಗೆ 1.31, ಭಾಗಿಸಿದರೆ 8.9. ನಾಣ್ಯ ಸವೆದು ಅರ್ಧ ಗ್ರಾಂ ಹೋಗಿದ್ದರೂ ಭಾಗಲಬ್ಧ ಬದಲಾಗುವುದಿಲ್ಲ, ಇದೇ ಈ ಪರೀಕ್ಷೆಯ ಸೊಗಸು. ನನ್ನ ಮೊಮ್ಮಗಳು ಮೂರು ಸಲ ಮಾಡಿ ಮೂರು ಸಲವೂ 10.2, 10.4ರ ನಡುವೆ ತಂದಳು. “ತಾತ, ಸೀಸ ಬೆರೆಸಿದ್ರೆ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಸೀಸ ಬೆಳ್ಳಿಗಿಂತ ಭಾರ, ಅದನ್ನು ಹದವಾಗಿ ಬೆರೆಸಿದರೆ ತಕ್ಕಡಿಯನ್ನು ಏಮಾರಿಸಬಹುದು. ಆದರೆ ಅದು ಮೆತ್ತಗಿರುತ್ತದೆ, ತಟ್ಟಿದರೆ ಬೆಳ್ಳಿಯಂತೆ ಟಿಣ್ಣೆನ್ನುವುದಿಲ್ಲ, ಮಂಕಾಗಿ ತೊಪ್ಪೆನ್ನುತ್ತದೆ. ಹೆಚ್ಚಿನ ಅನುಮಾನವಿದ್ದರೆ ಒರೆಗಲ್ಲು ಇಟ್ಟುಕೊಂಡ ಅಕ್ಕಸಾಲಿಗರಿಗೇ ತೋರಿಸಬೇಕು.

ಹಳತಾದ ಮಾತ್ರಕ್ಕೆ ಅಪರೂಪವಲ್ಲ

ಈಗ ಸಂಗ್ರಹಕಾರನ ಬೆಲೆ. ಇಲ್ಲಿ ಜನ ತಿಳಿದಿರುವುದಕ್ಕೂ ನಿಜಕ್ಕೂ ಬಲು ದೂರ. ನೂರೈವತ್ತು ವರ್ಷದ ನಾಣ್ಯ ಎಂದರೆ ಲಕ್ಷ ಬರಬೇಕು ಎಂದುಕೊಳ್ಳುತ್ತಾರೆ. ಆದರೆ ಯಶವಂತಪುರದ ನೆಲದಲ್ಲಿ ಸಿಕ್ಕಂಥ ರೋಮನ್ ಡಿನೇರಿಯಸ್ಸೂ ಆಗಿನ ಕಾಲದಲ್ಲಿ ರಾಶಿ ರಾಶಿ ಅಚ್ಚಾದದ್ದು. ವಯಸ್ಸು ಬೆಲೆ ತರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಯಾವ ಸ್ಥಿತಿಯಲ್ಲಿದೆ ಎಂಬುದು ತರುತ್ತದೆ.

1840 ಮತ್ತು 1862 ಎಂದು ಅಚ್ಚಾಗಿರುವ ವಿಕ್ಟೋರಿಯಾ ರೂಪಾಯಿಗಳನ್ನೇ ನೋಡಿ. ಆ ಇಸವಿಯನ್ನು ಬದಲಿಸದೆ ವರ್ಷಗಟ್ಟಲೆ ಅದೇ ಅಂಕಿಯಲ್ಲಿ ಅಚ್ಚು ಹಾಕುತ್ತಾ ಹೋದರು. ಹಾಗಾಗಿ ಮನೆಮನೆಯಲ್ಲೂ ಅವೇ ಸಿಗುತ್ತವೆ. ಸವೆದ 1862ರ ರೂಪಾಯಿಗೆ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು ಸಿಕ್ಕೀತು. ಅದಕ್ಕಿಂತ ಎಪ್ಪತ್ತೇಳು ವರ್ಷ ಚಿಕ್ಕದಾದ 1939ರ ಆರನೇ ಜಾರ್ಜ್ ರೂಪಾಯಿಗೆ ಸಂಗ್ರಹಕಾರರು ಎಷ್ಟೋ ಪಟ್ಟು ಕೊಡುತ್ತಾರೆ. ಚೊಕ್ಕ ಬೆಳ್ಳಿಯ ಕೊನೆಯ ರೂಪಾಯಿ ಅದು, ಉಳಿದಿರುವುದು ತೀರಾ ಕಡಿಮೆ. ಬೆಲೆ ಇದೆ ಎಂದ ಮೇಲೆ ನಕಲಿಯೂ ಇದೆ. 1939 ಎಂದು ಕಂಡರೆ ಆ 9ನ್ನು ಭೂತಗನ್ನಡಿಯಲ್ಲಿ ನೋಡದೆ, ನೀರಿನ ಪರೀಕ್ಷೆ ಮಾಡದೆ ಸಂತೋಷಪಡಬೇಡಿ.

ಮಕ್ಕಳಿಗೆ ಇಷ್ಟವಾಗುವ ಕಥೆ 1911ರ ರೂಪಾಯಿಯದು. ಐದನೇ ಜಾರ್ಜ್ ಪಟ್ಟಕ್ಕೆ ಬಂದಾಗಿನ ಮೊದಲ ಅಚ್ಚು. ರಾಜನ ನಿಲುವಂಗಿಯ ಮೇಲಿನ ಹಾರದಲ್ಲಿ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡ, ಕಾಲು ಗಿಡ್ಡ. ಜನ ಅದನ್ನು ಹಂದಿ ಎಂದು ಓದಿಕೊಂಡರು, ಗಲಾಟೆ ಆಯಿತು. ಸರ್ಕಾರ ಉಳಿದ ನಾಣ್ಯಗಳನ್ನು ಕರಗಿಸಿ, ಮರುವರ್ಷ ಸೊಂಡಿಲು ಕಾಣುವ ಹಾಗೆ ಆನೆಯನ್ನು ತಿದ್ದಿತು. ಸಂಗ್ರಹಕಾರರಲ್ಲಿ ಅದಕ್ಕೆ ಇಂದಿಗೂ ಹಂದಿ ರೂಪಾಯಿ ಎಂದೇ ಹೆಸರು. ಡಬ್ಬಿಯಲ್ಲಿ 1911 ಸಿಕ್ಕರೆ ಅಂಗಿಯ ಮೇಲೆ ಹುಡುಕಿ.

ಸ್ಥಿತಿ ಎಂದೆ. ನಮ್ಮ ಕಡೆಯ ನಾಣ್ಯಗಳಿಗೆ ಎರಡು ಕಾಟ. ಒಂದು, ತೂತು. ಸರಕ್ಕೆ, ಮಗುವಿನ ಉಡಿದಾರಕ್ಕೆ, ಲಂಬಾಣಿ ಹೆಂಗಸರ ಒಡವೆಗೆ ಎಂದು ತೂತು ಹೊಡೆದ ಅಥವಾ ಕೊಂಡಿ ಬೆಸೆದ ರೂಪಾಯಿಗೆ ಸಂಗ್ರಹಕಾರನ ಬೆಲೆ ಬಿದ್ದುಹೋಗುತ್ತದೆ. ಬೆಳ್ಳಿಯ ಬೆಲೆ ಹೋಗುವುದಿಲ್ಲ. ಹಾಗೆಂದು ಕೊಂಡಿ ಕೀಳಲು ಹೋಗಬೇಡಿ, ಗಾಯ ಇನ್ನೂ ದೊಡ್ಡದಾಗುತ್ತದೆ. ಇನ್ನೊಂದು ಕಾಟ, ಹಬ್ಬದ ಹಿಂದಿನ ದಿನದ ಹುಣಸೆಹಣ್ಣು. ಕಪ್ಪಾಗಿದೆ ಎಂದು ಹುಣಸೆಹಣ್ಣು, ಬೂದಿ, ಹಲ್ಲುಜ್ಜುವ ಪುಡಿ ಹಾಕಿ ತಿಕ್ಕಿದರೆ ನಾಣ್ಯ ಹೊಳೆಯುತ್ತದೆ ನಿಜ. ರಾಣಿಯ ಕೂದಲೆಳೆ, ಕೆನ್ನೆ, ಅಕ್ಷರದ ಮೂಲೆ ಎಲ್ಲ ಅದರ ಜೊತೆ ಹೋಗುತ್ತವೆ. ಆ ಕಪ್ಪು ಬೆಳ್ಳಿಗೆ ಕೊಳೆಯಲ್ಲ, ಗಾಳಿಯ ಗಂಧಕದಿಂದ ಬಂದ ತೆಳು ಪದರ. ಬಲ್ಲವರು ಅದನ್ನು ನೋಡಿ ಹೆಚ್ಚು ಬೆಲೆ ಕೊಡುತ್ತಾರೆ. ಪೂಜೆಗೆ ಬೇಕಾದ ಐದು ನಾಣ್ಯ ತಿಕ್ಕಿಕೊಳ್ಳಿ, ಉಳಿದದ್ದನ್ನು ಬಿಡಿ.

ಲಕ್ಷ ಕೊಡುತ್ತೇವೆ ಎನ್ನುವವರು

ಮೊಬೈಲಿನಲ್ಲಿ ಬರುವ ಜಾಹೀರಾತು ನಿಮ್ಮ ಮನೆಗೂ ಬಂದಿರುತ್ತದೆ. ವೈಷ್ಣೋದೇವಿಯ ಚಿತ್ರದ ಐದು ರೂಪಾಯಿ ಇದ್ದರೆ ಹತ್ತು ಲಕ್ಷ, ಹಳೆಯ ಒಂದು ರೂಪಾಯಿಗೆ ಇಷ್ಟು ಲಕ್ಷ. ವೈಷ್ಣೋದೇವಿ ನಾಣ್ಯ ಹತ್ತು-ಹದಿನೈದು ವರ್ಷದ ಈಚಿನದು, ಬಸ್ ಕಂಡಕ್ಟರ್ ಚಿಲ್ಲರೆಯಲ್ಲೂ ಸಿಗುತ್ತಿತ್ತು. ಅದಕ್ಕೆ ಲಕ್ಷ ಕೊಡುವವನಿಗೆ ನಾಣ್ಯ ಬೇಕಿಲ್ಲ. ಫೋನ್ ಮಾಡಿದರೆ ಮೊದಲು ನೋಂದಣಿ ಶುಲ್ಕ ಎನ್ನುತ್ತಾನೆ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್. ಕೊಡುವುದು ನೀವೇ, ತೆಗೆದುಕೊಳ್ಳುವುದು ಅವನೇ. ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾರಿಂದಲೂ ಶುಲ್ಕ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆಯನ್ನೇ ಹೊರಡಿಸಿದೆ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಓದಿ ಹೇಳಿ. ಪಿಂಚಣಿ ಹಣ ಹೀಗೆ ಹೋದದ್ದನ್ನು ಕೇಳಿದ್ದೇನೆ.

ಜಾತ್ರೆಯಲ್ಲಿ ಮಾರುವ ರಾಮ-ಸೀತೆ-ಹನುಮಂತರ ಚಿತ್ರದ, ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ನಾಣ್ಯಗಳೂ ಹಾಗೆಯೇ. ಕಂಪನಿ ಅಂಥದ್ದನ್ನು ಅಚ್ಚು ಹಾಕಿಸಲೇ ಇಲ್ಲ. ದೇವರ ಗೂಡಿನಲ್ಲಿಟ್ಟು ಪೂಜೆ ಮಾಡಿ, ಬೇಡ ಎನ್ನುವವನು ನಾನಲ್ಲ. ಸಾವಿರಗಟ್ಟಲೆ ಕೊಟ್ಟು ಮಾತ್ರ ತರಬೇಡಿ.

ನಿಜವಾಗಿ ಬೆಲೆ ತಿಳಿಯಬೇಕಾದರೆ ಬೆಂಗಳೂರಿನಲ್ಲಿ ದಾರಿಗಳಿವೆ. ಸಂಗ್ರಹಕಾರರ ಸಂಘಗಳು ನಡೆಸುವ ನಾಣ್ಯ ಪ್ರದರ್ಶನಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಒಂದೇ ನಾಣ್ಯವನ್ನು ನಾಲ್ಕು ಮೇಜಿನಲ್ಲಿ ತೋರಿಸಿ ಬೆಲೆ ಕೇಳಬಹುದು. ನಾಲ್ವರು ಹೇಳಿದ್ದೂ ಒಂದಕ್ಕೊಂದು ಹತ್ತಿರವಿದ್ದರೆ ಅದೇ ಬೆಲೆ. ಅವಸರ ಮಾಡುವವನಿಗೆ, ಇವತ್ತೇ ಕೊಟ್ಟುಬಿಡಿ ಎನ್ನುವವನಿಗೆ ಕೊಡಬೇಡಿ.

ಮನೆ ಒಡೆದು ಪಾಯ ತೋಡುವವರಿಗೆ ಒಂದು ಮಾತು. ಡಬ್ಬಿಯಲ್ಲಿ, ಗೋಡೆಯ ಗೂಡಿನಲ್ಲಿ ನಿಮ್ಮ ಮನೆಯವರು ಇಟ್ಟಿದ್ದು ನಿಮ್ಮದು. ನೆಲದಡಿ ಹೂತದ್ದು, ಯಾರದೆಂದು ತಿಳಿಯದ ಹಳೆಯ ಗಂಟು ಸಿಕ್ಕರೆ ಅದು ನಿಧಿ. 1878ರ ಭಾರತ ನಿಧಿ ಕಾಯಿದೆ ಇದೆ, ನಮ್ಮ ರಾಜ್ಯದ್ದೇ ಆದ 1962ರ ಕಾಯಿದೆಯೂ ಇದೆ. ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಗುಟ್ಟಾಗಿ ಕರಗಿಸಿದರೆ ಶಿಕ್ಷೆಯಷ್ಟೇ ಅಲ್ಲ, ಯಾವ ಕಾಲದಲ್ಲಿ ಯಾರ ಜೊತೆ ನಮ್ಮ ಊರಿಗೆ ವ್ಯಾಪಾರವಿತ್ತು ಎಂಬ ಸಾಕ್ಷಿಯೂ ಮೂಸೆಯಲ್ಲಿ ಹೋಗುತ್ತದೆ. ಯಶವಂತಪುರದ ಹಳಿ ಕೆಲಸದವರು ಆ 163ನ್ನು ಬೆಳ್ಳಿ ಅಂಗಡಿಗೆ ಹಾಕಿದ್ದರೆ ಇವತ್ತು ನಾನು ಈ ಲೇಖನದ ಮೊದಲ ಸಾಲನ್ನು ಬರೆಯುವ ಹಾಗಿರಲಿಲ್ಲ.

ಇಡುವುದು ಹೇಗೆ ಎಂದು ಕೇಳುತ್ತೀರಿ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ವರ್ಷ ಕಳೆದಂತೆ ಅದು ಜಿಗುಟಾಗಿ ಹಸಿರು ಬಿಡುತ್ತದೆ. ರಬ್ಬರ್ ಬ್ಯಾಂಡ್ ಬೇಡವೇ ಬೇಡ, ಅದರಲ್ಲೂ ಗಂಧಕವಿದೆ. ತೊಳೆಯಲೇಬೇಕಾದರೆ ಬರೀ ನೀರಿನಲ್ಲಿ ಅದ್ದಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ಒಂದೊಂದು ನಾಣ್ಯಕ್ಕೆ ಒಂದೊಂದು ಚಿಕ್ಕ ಕಾಗದದ ಕವರು ಸಾಕು. ಹಿಡಿಯುವಾಗ ಮುಖ ಮುಟ್ಟದೆ ಅಂಚಿನಲ್ಲಿ ಹಿಡಿಯಿರಿ. ನಾಣ್ಯ ಹಾಕುವ ಮೊದಲು ಕವರಿನ ಮೇಲೆ ಪೆನ್ಸಿಲಿನಲ್ಲಿ ಇಸವಿ, ತೂಕ, ನೀರಿನ ಪರೀಕ್ಷೆಯ ಅಂಕಿ ಬರೆಯಿರಿ. ಅದರ ಕೆಳಗೆ ಯಾರ ಡಬ್ಬಿಯಿಂದ ಬಂತು, ಯಾವ ಊರು, ಯಾರು ಕೊಟ್ಟರು ಎಂದು ಇನ್ನೊಂದು ಸಾಲು. ಅದನ್ನು ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳಿ.